ಗಾಯಕ್ಕೊಂದು ಹೆಸರು

ನನ್ನ ತವರುಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕಿದೆ. ಅದರಲ್ಲಿ ಅಮ್ಮ ಮೂರು ಬಗೆಯ ಕಾಗದಗಳನ್ನು ಜೋಪಾನ ಮಾಡಿದ್ದಳು. ಜಮೀನಿನ ಪತ್ರಗಳು, ಮಕ್ಕಳ ಜಾತಕಗಳು, ಮತ್ತು ನನ್ನ ತಮ್ಮನ ಕಣ್ಣಿನ ಚೀಟಿ. ಮೊದಲ ಎರಡನ್ನು ಆಗಾಗ ತೆಗೆದು ನೋಡುವ ಪ್ರಸಂಗ ಬರುತ್ತಿತ್ತು. ಮೂರನೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ಆದರೆ ಅದರಲ್ಲಿದ್ದ ಒಂದು ಇಂಗ್ಲಿಷ್ ಪದ ಮಾತ್ರ ಮನೆಯವರೆಲ್ಲರಿಗೂ ಬಾಯಿಪಾಠವಾಗಿತ್ತು. ಎ ಬಿ ಸಿ ಡಿ ಬಾರದ ನನ್ನ ಅಜ್ಜಿಗೂ ಆ ಪದ ಗೊತ್ತಿತ್ತು. ಪರ್ಫೊರೇಟಿಂಗ್.

1981ರ ಬೇಸಿಗೆ ರಜೆ. ನನಗೆ ಹತ್ತು ವರ್ಷ, ತಮ್ಮನಿಗೆ ಏಳು. ಮನೆಯ ಹಿಂದಿನ ಕಣದಲ್ಲಿ ನಾವಿಬ್ಬರೇ ಚಿನ್ನಿದಾಂಡು ಆಡುತ್ತಿದ್ದೆವು. ಹೆಣ್ಣುಮಕ್ಕಳಿಗೆ ಅದು ಹೇಳಿದ ಆಟವಲ್ಲ ಎಂದು ಅಜ್ಜಿ ಒಳಗಿನಿಂದ ಗೊಣಗುತ್ತಲೇ ಇದ್ದರು. ನಾನು ಬದ್ದಿನ ಮೇಲಿಟ್ಟ ಚಿನ್ನಿಯನ್ನು ಚಿಮ್ಮಿಸಿ, ಅದು ಗಾಳಿಯಲ್ಲಿರುವಾಗಲೇ ಬಲವಾಗಿ ಹೊಡೆದೆ. ಹಿಡಿಯಲೆಂದು ಎದುರಿಗೆ ನಿಂತಿದ್ದ ತಮ್ಮ ಕೈ ಎತ್ತಿದ್ದು ನೆನಪಿದೆ. ಆಮೇಲೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿದ್ದು ನೆನಪಿದೆ. ಅವನು ಕೂಗಲೂ ಇಲ್ಲ. ಕೈ ಬಿಡಿಸಿ ನೋಡಿದರೆ ಬಲಗಣ್ಣಿನ ಬಿಳಿಯೆಲ್ಲ ಕುಂಕುಮ ಕದಡಿದ ಹಾಗೆ ಕೆಂಪಾಗಿತ್ತು. ಕೆನ್ನೆಯ ಮೇಲೆ ಒಂದು ತೊಟ್ಟು ರಕ್ತವಿರಲಿಲ್ಲ.

ರಕ್ತ ಸುರಿದಿದ್ದರೆ ಎಲ್ಲರೂ ಓಡಿ ಬರುತ್ತಿದ್ದರೇನೋ. ಅಜ್ಜಿ ನಂದಿಬಟ್ಟಲು ಹೂವಿನ ರಸ ಹಿಂಡಿ, ಹತ್ತಿ ಇಟ್ಟು, ಹಳೆಯ ಪಂಚೆಯ ತುಂಡಿನಿಂದ ಬಿಗಿಯಾಗಿ ಕಟ್ಟಿದರು. ಮಾರನೆಯ ದಿನ ಕಾಂಪೌಂಡರು ಮುಲಾಮು ಹಚ್ಚಿ, ಮತ್ತೂ ಬಿಗಿಯಾಗಿ ಪಟ್ಟಿ ಕಟ್ಟಿ, “ಪೆಟ್ಟು ಬಿದ್ದಿದೆ, ಊತ ಇಳಿದ ಮೇಲೆ ನೋಡೋಣ” ಎಂದರು. ಮೂರನೆಯ ದಿನ ಜಿಲ್ಲಾಕೇಂದ್ರದ ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆ ಕಣ್ಣಿಗೆ ಬೆಳಕೂ ತೋರುತ್ತಿರಲಿಲ್ಲ. ವಾರದೊಳಗೆ ಕಣ್ಣನ್ನೇ ತೆಗೆದುಹಾಕಿದರು. ಬಿಟ್ಟರೆ ಇನ್ನೊಂದು ಕಣ್ಣೂ ಹೋದೀತು ಎಂದು ಹೇಳಿದರಂತೆ. ಅಪ್ಪ ಕಾಗದಕ್ಕೆ ರುಜು ಹಾಕಿ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಸೋದರಮಾವ ಒಬ್ಬರೇ. ಗುಮಾಸ್ತರಾಗಿದ್ದರು. ಆಸ್ಪತ್ರೆಯಿಂದ ಬಿಟ್ಟಾಗ ಕೊಟ್ಟ ಚೀಟಿಯನ್ನು ಅವರು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. “ಪರ್ಫೊರೇಟಿಂಗ್ ಇಂಜುರಿ ಅಂತ ಬರೆದಿದಾರೆ. ಹಾಗಂದ್ರೆ ತೂತು ಬೀಳೋದು. ಹಾರಿ ಬಂದ ಚಿನ್ನಿ ಎಲ್ಲಾದರೂ ತೂತು ಮಾಡುತ್ತೇನೇ? ಇವಳು ದಾಂಡಿನ ತುದಿಯಿಂದ ತಿವಿದಿದಾಳೆ. ಭಯಕ್ಕೆ ಚಿನ್ನಿ ಅಂತ ಹೇಳ್ತಿದಾಳೆ.”

ಯಾರೂ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತು. ಅಮ್ಮ ಆ ವಿಷಯವಾಗಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆದರೆ ತಮ್ಮ ಹತ್ತಿರ ಕೂತಿದ್ದಾಗ ಹೂ ಪೋಣಿಸುವ ಸೂಜಿಯನ್ನು ನನ್ನ ಕೈಗೆ ಕೊಡುವುದನ್ನು ನಿಲ್ಲಿಸಿದಳು. ಅದು ನನಗೆ ಮಾತ್ರ ಗೊತ್ತಾಗುವಂಥ ಸಂಗತಿಯಾಗಿತ್ತು. ವರ್ಷಗಳು ಕಳೆದ ಹಾಗೆ ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಯಿತು. ನಿಜವಾಗಿಯೂ ಚಿನ್ನಿ ಹಾರಿತ್ತೇ? ನಾನೇ ಹತ್ತಿರ ಹೋಗಿದ್ದೆನೇ? ಡಾಕ್ಟರು ಬರೆದದ್ದು ಸುಳ್ಳಾಗುತ್ತದೆಯೇ? ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ, ಮಕ್ಕಳಿಗೆ ಪದಗಳ ಅರ್ಥ ಹೇಳಿಕೊಡುವ ಉದ್ಯೋಗದಲ್ಲಿದ್ದೂ ಆ ಒಂದು ಪದವನ್ನು ನಾನು ನಿಘಂಟಿನಲ್ಲಿ ಎಷ್ಟು ಸಲ ತೆಗೆದು ನೋಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ನಿಘಂಟು ಮಾವನ ಕಡೆಗೇ ಸಾಕ್ಷಿ ಹೇಳುತ್ತಿತ್ತು.

2018ರ ಮಾತು. ಎಂಟನೇ ತರಗತಿಯಲ್ಲಿ ಗಣಿತದ ಪೀರಿಯಡ್ ಮುಗಿದು ನನ್ನ ಪೀರಿಯಡ್ ಶುರುವಾಗುವ ನಡುವಿನ ಎರಡು ನಿಮಿಷ. ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಒಂದು ಹುಡುಗಿ ಚೀರಿದಳು. ಹಿಂದಿನ ಬೆಂಚಿನ ಹುಡುಗ ಕೈವಾರ ಹಿಡಿದುಕೊಂಡೇ ಎದ್ದಿದ್ದಾನೆ, ಇವಳು ಅದೇ ಕ್ಷಣಕ್ಕೆ ಏನೋ ಕೇಳಲು ಹಿಂತಿರುಗಿದ್ದಾಳೆ. ಕೈವಾರದ ಮುಳ್ಳು ಎಡಗಣ್ಣಿಗೆ ತಗುಲಿದೆ.

ನೋಡಿದರೆ ಏನೂ ಆದಂತಿಲ್ಲ. ಸ್ವಲ್ಪ ಕೆಂಪು, ಧಾರೆಯಾಗಿ ನೀರು. ಪಿ.ಟಿ. ಮೇಷ್ಟ್ರು ಜಗ್ಗಿನಲ್ಲಿ ನೀರು ತಂದು “ಮೊದಲು ತೊಳೀರಿ ಮೇಡಂ” ಎಂದರು. ಆಯಾ ತನ್ನ ಸೆರಗನ್ನು ಉಂಡೆ ಮಾಡಿ ಬಾಯಿಂದ ಹಬೆ ಊದಿ ಶಾಖ ಕೊಡಲು ಬಂದಳು. ಇನ್ನೊಬ್ಬರು ಕರವಸ್ತ್ರ ಮಡಚಿ ಬಿಗಿಯಾಗಿ ಕಟ್ಟಿ ಎಂದರು. ನನಗೆ ವೈದ್ಯಕೀಯವೇನೂ ಗೊತ್ತಿರಲಿಲ್ಲ. ಆದರೆ ಆ ಬಟ್ಟೆ ಕಂಡ ಕೂಡಲೇ ಅಜ್ಜಿಯ ಪಂಚೆಯ ತುಂಡು ನೆನಪಾಗಿ, “ಯಾರೂ ಮುಟ್ಟಬೇಡಿ” ಎಂದು ಕಿರುಚಿದೆ. ಮೂವತ್ತು ವರ್ಷದ ಸಮೀಪದ ನನ್ನ ಸರ್ವೀಸಿನಲ್ಲಿ ಸಹೋದ್ಯೋಗಿಗಳ ಮೇಲೆ ದನಿಯೆತ್ತಿದ್ದು ಅದೇ ಮೊದಲು. ಹುಡುಗಿಯನ್ನು ಆಟೋದಲ್ಲಿ ಕೂರಿಸಿಕೊಂಡು, ಅವಳ ಕೈಗಳೆರಡನ್ನೂ ನನ್ನ ಕೈಯಲ್ಲಿ ಹಿಡಿದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ.

ಅಲ್ಲಿದ್ದ ಕಣ್ಣಿನ ಡಾಕ್ಟರು ಮೂವತ್ತು ದಾಟಿದ ಹೆಣ್ಣುಮಗಳು. ಗಾಬರಿಯಿಲ್ಲದೆ, ಸಮಯವನ್ನೂ ಕಳೆಯದೆ ಪ್ರಶ್ನೆ ಕೇಳಿದರು. ಏನು ತಗುಲಿತು? ಎಷ್ಟು ಹೊತ್ತಾಯಿತು? ಏನಾದರೂ ಹಾಕಿದಿರಾ? ಏನಾದರೂ ತಿಂದಿದ್ದಾಳಾ? ರೆಪ್ಪೆಯನ್ನು ಮೂಳೆಯ ಮೇಲೆ ಮಾತ್ರ ಒತ್ತಿ ಬಿಡಿಸಿ, ಗುಡ್ಡೆಗೆ ಬೆರಳು ತಾಕದಂತೆ ನೋಡಿದರು. ಅಕ್ಷರದ ಹಲಗೆ ತೋರಿಸಿದರು. ಹುಡುಗಿಗೆ ಒಂದು ಅಕ್ಷರವೂ ಕಾಣಲಿಲ್ಲ. ಬೆರಳು ಎಣಿಸಲು ಹೇಳಿದರು. ಅದೂ ಆಗಲಿಲ್ಲ. ಮುಖದ ಮುಂದೆ ಕೈ ಆಡಿಸಿದಾಗ ಮಾತ್ರ “ಏನೋ ಅಲ್ಲಾಡ್ತಿದೆ ಮಿಸ್” ಎಂದಳು. ಆಮೇಲೆ ಒಂದು ಚಿಕ್ಕ ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಇದಕ್ಕೆ, ಉಯ್ಯಾಲೆ ತೂಗಿದ ಹಾಗೆ ಆಡಿಸಿ ಪಾಪೆಗಳನ್ನು ನೋಡಿದರು. ನಾನೂ ಬಗ್ಗಿ ನೋಡಿದೆ. ಗಾಯವಾದ ಕಣ್ಣಿನ ಪಾಪೆ ದುಂಡಗಿರಲಿಲ್ಲ. ಕಣ್ಣೀರಿನ ಹನಿಯಂತೆ ಒಂದು ಕಡೆಗೆ ಚೂಪಾಗಿತ್ತು.

ಟೆಟನಸ್ ಇಂಜೆಕ್ಷನ್ ಕೊಟ್ಟು, ಕಣ್ಣಿನ ಮೇಲೆ ತೂತುಗಳಿದ್ದ ಬಟ್ಟಲಿನಂಥ ಒಂದು ಮುಚ್ಚಳವಿಟ್ಟು, ಹಣೆಗೂ ಕೆನ್ನೆಗೂ ಟೇಪು ಹಚ್ಚಿದರು. ಹತ್ತಿ ಇಲ್ಲ, ಮುಲಾಮಿಲ್ಲ, ಪಟ್ಟಿಯಿಲ್ಲ. “ಕಣ್ಣು ತೆರೆದುಕೊಂಡಿದೆ ಟೀಚರ್. ಒತ್ತಿದರೆ ಒಳಗಿರೋದು ಹೊರಗೆ ಬರುತ್ತೆ. ನೀರು ಕೂಡ ಕುಡಿಸಬೇಡಿ, ಅಲ್ಲಿ ಅರಿವಳಿಕೆ ಕೊಡಬೇಕಾಗುತ್ತೆ” ಎಂದು ಜಿಲ್ಲಾಸ್ಪತ್ರೆಗೆ ಚೀಟಿ ಬರೆದರು.

ಆ ಚೀಟಿಯನ್ನು ನಾನು ಓದಿದೆ. ಒಳ್ಳೆಯ ವಿದ್ಯಾರ್ಥಿ ಬರೆದ ಉತ್ತರದಂತೆ ನಾಲ್ಕೇ ಸಾಲು. ಬಗೆ, ದರ್ಜೆ, ಪಾಪೆ, ವಲಯ. ಮೊದಲ ಸಾಲಿನಲ್ಲಿ ಪೆನಿಟ್ರೇಟಿಂಗ್ ಎಂದಿತ್ತು. ನಾನು ತಡೆಯಲಾರದೆ, “ಪರ್ಫೊರೇಟಿಂಗ್ ಅಲ್ಲವಾ ಡಾಕ್ಟರೇ?” ಎಂದುಬಿಟ್ಟೆ.

ಅವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಆ ಪದ ನಿಮಗೆ ಹೇಗೆ ಗೊತ್ತು?” ಎಂದರು. ಹೇಳುವಷ್ಟು ವ್ಯವಧಾನ ಎಲ್ಲಿತ್ತು? ಹುಡುಗಿಯ ತಂದೆ ತಾಯಿ ಓಡಿ ಬರುತ್ತಿದ್ದರು, ವ್ಯಾನು ಸಿದ್ಧವಾಗಿತ್ತು.

ಅಂದೇ ರಾತ್ರಿ ಹುಡುಗಿಯ ಕಣ್ಣಿಗೆ ಹೊಲಿಗೆ ಹಾಕಿದರು. ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರವಂತೆ. ಮುಳ್ಳು ಒಳಗಿನ ಮಸೂರಕ್ಕೂ ತಗುಲಿದ್ದರಿಂದ ಅದಕ್ಕೆ ಪೊರೆ ಬಂದು, ಆಮೇಲೆ ಅದನ್ನು ತೆಗೆದು ಕೃತಕ ಮಸೂರ ಕೂರಿಸಬೇಕಾಯಿತು. ಇಷ್ಟೆಲ್ಲ ಆಗಿ ವರ್ಷ ಕಳೆಯುವ ಹೊತ್ತಿಗೆ ಕನ್ನಡಕ ಹಾಕಿಕೊಂಡು ಆ ಕಣ್ಣಿನಿಂದ 6/12ರ ಸಾಲನ್ನು ಓದಿದಳು.

ಆದರೆ ನಾನು ಹೇಳಬೇಕಾದದ್ದು ಆ ಹುಡುಗನ ಸಂಗತಿ. ಮಾರನೆಯ ದಿನ ಶಾಲೆಯ ತುಂಬ ಒಂದೇ ಮಾತು. “ಚುಚ್ಚಿದನಂತೆ.” ಹುಡುಗಿಯ ಕಡೆಯವರು ಹತ್ತು ಜನ ಬಂದು ಗೇಟಿನಲ್ಲಿ ನಿಂತರು. ಅವರ ಸಂಕಟ ಸಹಜವಾದದ್ದೇ. ಸಭೆ ಸೇರಿತು. ಟಿ.ಸಿ. ಕೊಟ್ಟು ಕಳಿಸುವುದೇ ಎಲ್ಲರಿಗೂ ಕ್ಷೇಮ ಎಂದು ಹಿರಿಯರೊಬ್ಬರು ಹೇಳಿದರು. ಯಾರೋ ಆಸ್ಪತ್ರೆಯ ಚೀಟಿಯ ನಕಲನ್ನು ಮೇಜಿನ ಮೇಲಿಟ್ಟು, “ಇಲ್ಲೇ ಇದೆಯಲ್ಲ, ಪೆನಿಟ್ರೇಟಿಂಗ್ ಅಂತ. ಡಾಕ್ಟರೇ ಬರೆದಿದ್ದಾರೆ” ಎಂದರು. ಹುಡುಗ ಗೋಡೆಗೆ ಆತು ನಿಂತಿದ್ದ. ಅವನ ಮುಖ ನೋಡಿದೆ. ಅವನು ಏನನ್ನೂ ನಿರಾಕರಿಸುತ್ತಿರಲಿಲ್ಲ. ತಾನು ಬೇಕೆಂದೇ ಚುಚ್ಚಿರಬಹುದೇ ಎಂದು ಅವನೇ ಯೋಚಿಸುತ್ತಿದ್ದ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಎದ್ದು ನಿಂತೆ. ನಾನು ಸಭೆಗಳಲ್ಲಿ ಮಾತಾಡುವವಳಲ್ಲ. “ಆ ಪದ ಕಣ್ಣಿನ ವಿಷಯ ಹೇಳುತ್ತೆ, ಹುಡುಗನ ವಿಷಯ ಹೇಳೋದಿಲ್ಲ. ಗಾಯ ಎಂಥದು ಅಂತ ಮಾತ್ರ ಡಾಕ್ಟರು ಬರೆದಿರೋದು. ಮನಸ್ಸು ಎಂಥದು ಅಂತ ಅವರು ಬರೆದಿಲ್ಲ” ಎಂದೆ. ಕಾಲು ನಡುಗುತ್ತಿತ್ತು. ಹಿಂದಿನ ಬೆಂಚಿನ ಇಬ್ಬರು ಮಕ್ಕಳನ್ನು ಕರೆಸಿ ಕೇಳಿ ಎಂದೆ. ಕರೆಸಿದರು. ಅವನು ಎದ್ದದ್ದೂ ಅವಳು ತಿರುಗಿದ್ದೂ ಒಟ್ಟಿಗೇ ಎಂದು ಇಬ್ಬರೂ ಹೇಳಿದರು. ಟಿ.ಸಿ.ಯ ಮಾತು ಅಲ್ಲಿಗೆ ನಿಂತಿತು. ಆದರೂ ಹುಡುಗ ಎರಡು ವಾರ ಶಾಲೆಗೆ ಬರಲಿಲ್ಲ. ನಾನೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆ.

ಅಷ್ಟೆಲ್ಲ ಧೈರ್ಯದಿಂದ ಬೇರೆಯವರ ಮಗನ ಪರವಾಗಿ ಆಡಿದ ಮಾತನ್ನು ನನಗೆ ನಾನು ಹೇಳಿಕೊಂಡಿರಲಿಲ್ಲ. ಒಂದು ಭಾನುವಾರ ಊರಿಗೆ ಹೋಗಿ, ಅಮ್ಮ ಮಲಗಿದ್ದಾಗ ಟ್ರಂಕು ತೆಗೆದು, ಆ ಹಳದಿಯಾದ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದೆ. ಹೊರರೋಗಿಗಳ ಸಾಲು ಕರಗಿದ ಮೇಲೆ ಡಾಕ್ಟರಮ್ಮನ ಮೇಜಿನ ಮೇಲೆ ಅದನ್ನಿಟ್ಟೆ. ಎಲ್ಲವನ್ನೂ ಹೇಳಿದೆ.

ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು ಕಣ್ಣಿನ ಚಿತ್ರ ಬರೆದರು. ಅಂದು ಅವರು ಹೇಳಿದ್ದಕ್ಕೆ ನಾನು ಆಮೇಲೆ ಓದಿಕೊಂಡದ್ದನ್ನೂ ಸೇರಿಸಿ, ನಮ್ಮಂಥವರಿಗೆ ತಿಳಿಯುವ ಹಾಗೆ ಇಲ್ಲಿ ಬರೆಯುತ್ತೇನೆ.

ಬಹಳ ಕಾಲ ಕಣ್ಣಿನ ಗಾಯಗಳಿಗೆ ಒಬ್ಬೊಬ್ಬ ವೈದ್ಯರು ಒಂದೊಂದು ಹೆಸರು ಬಳಸುತ್ತಿದ್ದರಂತೆ. ಒಬ್ಬರು ಪೆನಿಟ್ರೇಟಿಂಗ್ ಎಂದದ್ದನ್ನು ಇನ್ನೊಬ್ಬರು ಪರ್ಫೊರೇಟಿಂಗ್ ಎನ್ನುತ್ತಿದ್ದರು. ಕಣ್ಣು ಒಡೆದಿದ್ದರೂ ಅದೇ ಪದ, ಚುಚ್ಚಿಹೋಗಿದ್ದರೂ ಅದೇ ಪದ. ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರ, ಅದರ ಒಳಕ್ಕೆ ಹೋದ ಗಾಯವೋ ಅದನ್ನು ದಾಟಿ ಕಣ್ಣಿನೊಳಕ್ಕೆ ಹೋದ ಗಾಯವೋ ಎಂಬುದು ಓದಿದವರ ಊಹೆಗೆ ಬಿಟ್ಟದ್ದು. ಹೀಗಾದರೆ ಒಂದೂರಿನ ವೈದ್ಯರ ಅನುಭವ ಇನ್ನೊಂದೂರಿನವರಿಗೆ ಉಪಯೋಗಕ್ಕೆ ಬರುವುದು ಹೇಗೆ? ಯಾವ ಚಿಕಿತ್ಸೆ ಯಾವ ಗಾಯಕ್ಕೆ ಫಲಿಸಿತೆಂದು ಹೋಲಿಸುವುದು ಹೇಗೆ?

ಇದನ್ನು ಸರಿಪಡಿಸಲೆಂದು 1996ರಲ್ಲಿ ಫೆರೆಂಕ್ ಕೂನ್ ಎಂಬ ಹಂಗೇರಿ ಮೂಲದ ವೈದ್ಯರೂ ಅವರ ಸಂಗಡಿಗರೂ ಸೇರಿ ಒಂದು ಪದಪಟ್ಟಿಯನ್ನು ಪ್ರಕಟಿಸಿದರು. ಅದಕ್ಕೆ ಬರ್ಮಿಂಗ್‌ಹ್ಯಾಮ್ ಪದಾವಳಿ ಎಂದು ಹೆಸರು. ಸಮಾಜ ಪಾಠವನ್ನೂ ಮಾಡುವ ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂದುಕೊಂಡಿದ್ದೆ. ಅಲ್ಲವಂತೆ, ಅಮೆರಿಕದ ಅಲಬಾಮಾ ರಾಜ್ಯದ್ದಂತೆ. ಆ ಪದಾವಳಿಯ ಗುಟ್ಟು ಬಹಳ ಸರಳ. ಯಾವ ಪದ ಬಳಸಿದರೂ ಅದು ಇಡೀ ಕಣ್ಣನ್ನು ಕುರಿತದ್ದು, ಯಾವುದೋ ಒಂದು ಪದರವನ್ನು ಕುರಿತದ್ದಲ್ಲ. ಕಣ್ಣಿಗೆ ಒಂದು ಗೋಡೆಯಿದೆ. ಮುಂದೆ ಕಾರ್ನಿಯಾ, ಉಳಿದ ಸುತ್ತ ಬಿಳಿಗುಡ್ಡೆ. ಮೊದಲ ಪ್ರಶ್ನೆ, ಈ ಗೋಡೆ ಪೂರ್ತಿ ದಪ್ಪಕ್ಕೆ ತೆರೆದಿದೆಯೋ ಇಲ್ಲವೋ? ಇಲ್ಲವಾದರೆ ಅದು ಮುಚ್ಚಿದ ಗಾಯ. ಜಜ್ಜಿರಬಹುದು, ಅಥವಾ ಗೋಡೆಯ ಅರ್ಧ ದಪ್ಪದವರೆಗೆ ಮಾತ್ರ ಸೀಳಿರಬಹುದು. ತೆರೆದಿದ್ದರೆ ಎರಡನೆಯ ಪ್ರಶ್ನೆ, ತೆರೆದದ್ದು ಹರಿತವಾದ ವಸ್ತುವೋ, ಮೊಂಡು ವಸ್ತುವೋ?

ಹರಿತವಾದದ್ದಾದರೆ ಗೋಡೆ ಹೊರಗಿನಿಂದ ಒಳಕ್ಕೆ ಸೀಳುತ್ತದೆ. ಒಳಗೆ ಹೋಗಿ ಅಲ್ಲಿಗೇ ನಿಂತು ಹಿಂದಕ್ಕೆ ಬಂದರೆ ಪೆನಿಟ್ರೇಟಿಂಗ್. ಗೋಣಿಚೀಲಕ್ಕೆ ದಬ್ಬಣ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಬಂದ ಹಾಗೆ, ಹೋದ ತೂತೂ ಬಂದ ತೂತೂ ಎರಡೂ ಇದ್ದರೆ ಮಾತ್ರ ಪರ್ಫೊರೇಟಿಂಗ್. ಒಳಗೆ ಹೋದ ಚೂರು ಅಲ್ಲೇ ಉಳಿದರೆ ಅದಕ್ಕೆ ಬೇರೆ ಹೆಸರು. ಮೊಂಡು ವಸ್ತುವಾದರೆ ಕಥೆಯೇ ಬೇರೆ. “ಬಲೂನಿಗೆ ನೀರು ತುಂಬಿಸಿ ಗುದ್ದಿ ನೋಡಿ ಟೀಚರ್. ಗುದ್ದಿದ ಕಡೆ ಒಡೆಯೋದಿಲ್ಲ, ಎಲ್ಲಿ ಬಲ ಕಮ್ಮಿಯೋ ಅಲ್ಲಿ ಒಡೆಯುತ್ತೆ. ಒಳಗಿನ ಒತ್ತಡಕ್ಕೆ ಒಳಗಿನಿಂದ ಹೊರಕ್ಕೆ ಬಿರಿಯೋದು. ಅದಕ್ಕೆ ರಪ್ಚರ್ ಅಂತೀವಿ” ಎಂದರು ಡಾಕ್ಟರಮ್ಮ.

ಮುಂದಿನ ವರ್ಷ, 1997ರಲ್ಲಿ, ಏಳು ಸಂಸ್ಥೆಗಳ 13 ಮಂದಿ ನೇತ್ರವೈದ್ಯರ ತಂಡವೊಂದು ಈ ಪದಗಳನ್ನೇ ತಳಹದಿಯಾಗಿಟ್ಟುಕೊಂಡು ನಾಲ್ಕು ಸಾಲಿನ ಪದ್ಧತಿ ರೂಪಿಸಿತು. ನಾನು ಹುಡುಗಿಯ ಚೀಟಿಯಲ್ಲಿ ಕಂಡದ್ದು ಅದೇ. ಗಾಯದ ಬಗೆ ಯಾವುದು. ಮೊದಲು ನೋಡಿದಾಗ ದೃಷ್ಟಿ ಎಷ್ಟಿತ್ತು ಎಂಬ ದರ್ಜೆ, ಒಂದರಿಂದ ಐದರವರೆಗೆ. ಟಾರ್ಚ್ ತೂಗಿದಾಗ ಗಾಯದ ಕಣ್ಣಿನ ಮೇಲೆ ಬೆಳಕು ಬಿದ್ದರೂ ಪಾಪೆಗಳು ಕಿರಿದಾಗುವ ಬದಲು ಹಿಗ್ಗುತ್ತವೆಯೇ. ಗಾಯ ಯಾವ ವಲಯದಲ್ಲಿದೆ. ತೆರೆದ ಗಾಯ ಕಾರ್ನಿಯಾ ಮತ್ತು ಅದರ ಅಂಚಿನೊಳಗಿದ್ದರೆ ಒಂದನೆಯ ವಲಯ, ಅಂಚಿನಿಂದ ಹಿಂದಕ್ಕೆ 5 ಮಿಲಿಮೀಟರಿನೊಳಗಿದ್ದರೆ ಎರಡನೆಯದು, ಅದಕ್ಕೂ ಹಿಂದೆ ಹೋದರೆ ಮೂರನೆಯದು. ಹಿಂದಕ್ಕೆ ಹೋದಷ್ಟೂ ಅಕ್ಷಿಪಟಲಕ್ಕೆ ಅಪಾಯ ಹೆಚ್ಚು. ಈ ನಾಲ್ಕನ್ನೂ ತಿಳಿಯಲು ದೊಡ್ಡ ಯಂತ್ರವೇನೂ ಬೇಕಿಲ್ಲ ಎಂಬುದೇ ಇದರ ಹೆಚ್ಚುಗಾರಿಕೆ. ಟಾರ್ಚು, ಅಕ್ಷರದ ಹಲಗೆ, ತಿಳಿದ ಕಣ್ಣು, ಇವಿದ್ದರೆ ತಾಲ್ಲೂಕಿನ ವೈದ್ಯರು ಬರೆದದ್ದು ರಾಜಧಾನಿಯ ವೈದ್ಯರಿಗೆ ಅರ್ಥವಾಗುತ್ತದೆ.

ಇಷ್ಟನ್ನು ಹೇಳಿ ಅವರು ನನ್ನ ಚೀಟಿಯನ್ನು ಕೈಗೆತ್ತಿಕೊಂಡರು. ಮುಂಭಾಗದಲ್ಲಿ ಮಾವ ಓದಿದ ಆ ಪದ. ಹಿಂಭಾಗದಲ್ಲಿ, ಮಾವ ತಿರುಗಿಸಿಯೂ ನೋಡದ, ನೋಡಿದ್ದರೂ ಅರ್ಥವಾಗದಿದ್ದ, ಶಸ್ತ್ರಚಿಕಿತ್ಸೆಯ ಮೂರು ಸಾಲು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು.

“ಕಾರ್ನಿಯಾದಲ್ಲಿ ಗಾಯ ಇಲ್ಲ ಅಂತ ಬರೆದಿದಾರೆ. ಸೀಳು ಇರೋದು ಮೇಲ್ಗಡೆ, ಬಿಳಿಗುಡ್ಡೆಯಲ್ಲಿ, ಮಾಂಸಖಂಡದ ಅಡಿಯಲ್ಲಿ, ಬಿಲ್ಲಿನ ಹಾಗೆ ಬಾಗಿದೆ. ಮಸೂರ ಹೊರಗೆ ಬಂದುಬಿಟ್ಟಿದೆ. ನಾನು ನೋಡಿದ ಕಣ್ಣಲ್ಲ, ಖಡಾಖಂಡಿತ ಹೇಳೋಕಾಗಲ್ಲ. ಆದರೆ ಕೋಲಿನ ತುದಿಯಿಂದ ತಿವಿದಿದ್ದರೆ ತಿವಿದ ಜಾಗದಲ್ಲೇ ತೂತಿರಬೇಕಿತ್ತು. ರೆಪ್ಪೆಯ ಅಡಿ, ಖಂಡದ ಕೆಳಗೆ ಹೋಗಿ ಯಾರು ತಿವೀತಾರೆ? ಇದು ಎದುರಿನಿಂದ ಜೋರಾಗಿ ಏನೋ ಬಡಿದು, ಕಣ್ಣು ಒಳಗಿನಿಂದ ಬಿರಿದಿರೋದು. ಇವತ್ತಾಗಿದ್ದರೆ ನಾನು ರಪ್ಚರ್ ಅಂತ ಬರೀತಿದ್ದೆ.” ಒಂದು ಕ್ಷಣ ಸುಮ್ಮನಿದ್ದು, “ಆಗಿನವರದು ತಪ್ಪಲ್ಲ ಟೀಚರ್. ಆಗ ಪದಗಳೇ ಹಾಗಿದ್ದವು” ಎಂದು ಸೇರಿಸಿದರು.

ನಾನು ಅಳಲಿಲ್ಲ. ಹೊರಗೆ ಬಂದು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಒಂದು ಕಾಫಿ ಕುಡಿದೆ. ಒಬ್ಬಳೇ ಹೋಟೆಲಿನಲ್ಲಿ ಕೂತು ಕಾಫಿ ಕುಡಿದದ್ದು ನನ್ನ ಜೀವನದಲ್ಲಿ ಎಷ್ಟು ಸಲವೋ, ಬೆರಳಲ್ಲಿ ಎಣಿಸಬಹುದು.

ಆಮೇಲೆ ಇನ್ನೊಂದು ಸಂಗತಿ ತಿಳಿಯಿತು. ಅದೇ ಕೂನ್ ಮತ್ತು ಸಂಗಡಿಗರು 2002ರಲ್ಲಿ, 2500ಕ್ಕೂ ಹೆಚ್ಚು ಕಣ್ಣಿನ ಗಾಯಗಳ ದಾಖಲೆಯನ್ನು ಇಟ್ಟುಕೊಂಡು, ಅಂಕ ಕೊಡುವ ಒಂದು ಕ್ರಮ ಮಾಡಿದರು. ನಾವು ಉತ್ತರಪತ್ರಿಕೆಗೆ ಕೊಡುವ ಹಾಗೆಯೇ. ಆರಂಭದ ದೃಷ್ಟಿಗೆ 60ರಿಂದ 100ರವರೆಗೆ ಅಂಕ. ಕಣ್ಣು ಬಿರಿದಿದ್ದರೆ 23 ಕಳೆಯಬೇಕು. ಒಳಗೆ ಕೀವಾದರೆ 17, ಹೊಕ್ಕು ಹೊರಬಂದ ಗಾಯವಾದರೆ 14, ಅಕ್ಷಿಪಟಲ ಕಳಚಿದ್ದರೆ 11, ಪಾಪೆಯ ಪರೀಕ್ಷೆಯಲ್ಲಿ ದೋಷವಿದ್ದರೆ 10. ಉಳಿದದ್ದನ್ನು ನೋಡಿ ಮುಂದೆ ದೃಷ್ಟಿ ಎಷ್ಟು ಬಂದೀತೆಂದು ಮನೆಯವರಿಗೆ ಹೇಳಬಹುದು. ಚಿಕ್ಕಮಕ್ಕಳಲ್ಲಿ ದೃಷ್ಟಿಯನ್ನೂ ಪಾಪೆಯನ್ನೂ ಪರೀಕ್ಷಿಸುವುದು ಕಷ್ಟವೆಂದು 2011ರಲ್ಲಿ ಟರ್ಕಿಯ ವೈದ್ಯರು ಮಕ್ಕಳಿಗೇ ಬೇರೆ ಅಂಕಕ್ರಮವನ್ನು ಸೂಚಿಸಿದ್ದಾರೆ.

ಒಂದು ರಾತ್ರಿ ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದವಳು ಒಂದು ಹಾಳೆಯ ಹಿಂದೆ ಲೆಕ್ಕ ಹಾಕಿದೆ. ನಮ್ಮ ಹುಡುಗಿ, ಕೈ ಆಡಿಸಿದ್ದು ಕಂಡಿತ್ತು, 70. ಕಳೆಯುವುದು ಏನೂ ಇಲ್ಲ. ಐದು ಗುಂಪುಗಳಲ್ಲಿ ನಡುವಿನದು. ಒಳ್ಳೆಯ ದೃಷ್ಟಿ ಬರುವ ಸಾಧ್ಯತೆ ಹತ್ತರಲ್ಲಿ ಸುಮಾರು ನಾಲ್ಕು. ಅವಳು ಆ ನಾಲ್ಕರಲ್ಲಿ ಸೇರಿದಳು. ನನ್ನ ತಮ್ಮ, ಬೆಳಕೂ ಕಾಣದು, 60. ಬಿರಿದದ್ದಕ್ಕೆ 23 ಕಳೆದರೆ 37. ಕಟ್ಟಕಡೆಯ ಗುಂಪು. ಆ ಗುಂಪಿನ ನಾಲ್ವರಲ್ಲಿ ಮೂವರಿಗೆ ಸುಮಾರಾಗಿ ಬೆಳಕೂ ಬರುವುದಿಲ್ಲ.

ಅಂದರೆ ಯಾರೂ ಏನೂ ಮಾಡುವಂತಿರಲಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಲೇ? ಪೆನ್ಸಿಲನ್ನು ಕೆಳಗಿಟ್ಟ ಮೇಲೆ ಹೊಳೆಯಿತು. ಆ 60 ಮೂರನೆಯ ದಿನದ ಅಂಕ. ಎರಡು ದಿನ ಬಿಗಿಯಾಗಿ ಕಟ್ಟಿದ ಮೇಲಿನ ಅಂಕ. ಮೊದಲ ದಿನ ಕಣದಲ್ಲಿ ಕುಕ್ಕರಿಸಿದ್ದಾಗ ಅವನಿಗೆ ಎಷ್ಟು ಕಾಣುತ್ತಿತ್ತೋ ಯಾರೂ ಟಾರ್ಚು ಹಿಡಿದು ನೋಡಲಿಲ್ಲ. ಆ ಲೆಕ್ಕ ನನ್ನ ಹಾಳೆಯಲ್ಲಿ ಬಗೆಹರಿಯುವಂಥದಲ್ಲ. ನಾನು ತಿವಿಯಲಿಲ್ಲ, ನಿಜ. ನಾನು ಹೊಡೆದ ಚಿನ್ನಿಯೇ ತಗುಲಿದ್ದು, ಅದೂ ನಿಜ. ಒಂದು ಸುಳ್ಳು ಭಾರ ಇಳಿದ ಮೇಲೆ ನಿಜವಾದ ಭಾರವನ್ನು ಹೊರುವುದು ಅಷ್ಟು ಕಷ್ಟವಾಗುವುದಿಲ್ಲ.

ನನಗೆ ಈಗ ಅನ್ನಿಸುವುದು ಇದು. ವೈದ್ಯರ ವರ್ಗೀಕರಣ ಎರಡನೆಯದು. ಮೊದಲನೆಯ ವರ್ಗೀಕರಣ ನಮ್ಮ ಕೈಯಲ್ಲಿದೆ, ಅಡುಗೆಮನೆಯಲ್ಲಿ, ಶಾಲೆಯಲ್ಲಿ, ಕಣದಲ್ಲಿ. ಸುಣ್ಣವೋ ಆಸಿಡ್ಡೋ ಸಿಡಿದರೆ ತಕ್ಷಣ ತೊಳೆಯಬೇಕು, ಧಾರಾಳವಾಗಿ, ಬಹಳ ಹೊತ್ತು, ಆಮೇಲೆ ಆಸ್ಪತ್ರೆ. ಚುಚ್ಚಿದ್ದು, ಬಡಿದದ್ದು, ಚೂರು ಸಿಡಿದದ್ದಾದರೆ ತೊಳೆಯಬಾರದು, ಉಜ್ಜಬಾರದು, ಒತ್ತಬಾರದು, ನೆಟ್ಟಿದ್ದನ್ನು ಕೀಳಬಾರದು. ನಂದಿಬಟ್ಟಲು, ಎದೆಹಾಲು, ಹರಳೆಣ್ಣೆ ಯಾವುದನ್ನೂ ಹಾಕಬಾರದು. ಕಾಗದದ ಲೋಟದ ತಳವನ್ನು ಕತ್ತರಿಸಿ, ಅಂಚು ಮೂಳೆಯ ಮೇಲೆ ಕೂರುವಂತೆ ಕಣ್ಣಿಗೆ ಮುಚ್ಚಿ ಟೇಪು ಹಚ್ಚಿದರೂ ಸಾಕು. ದೀಪಾವಳಿಯ ಮರುದಿನ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಬಂದ ಮಕ್ಕಳ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವಲ್ಲ, ಪಟಾಕಿಯಲ್ಲಿ ಸುಟ್ಟದ್ದೂ ಬಡಿದದ್ದೂ ಎರಡೂ ಸೇರಿರುತ್ತವೆ. ಅಲ್ಲೂ ಉಜ್ಜದೆ ಒತ್ತದೆ ಓಡುವುದೊಂದೇ ದಾರಿ.

ಲೂಯಿ ಬ್ರೈಲ್‌ನ ಪಾಠ ಮಾಡುವಾಗ ಈಗ ನಾನು ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತೇನೆ. 1812ರಲ್ಲಿ, ಮೂರು ವರ್ಷದ ಕೂಸು, ಫ್ರಾನ್ಸಿನ ಕೂವ್ರೆ ಎಂಬ ಹಳ್ಳಿಯಲ್ಲಿ ಕುದುರೆ ಜೀನು ಹೊಲಿಯುವ ಅಪ್ಪನ ದಬ್ಬಣದಂಥ ಹತಾರವನ್ನು ಹಿಡಿದು ಆಡುತ್ತಾ ಒಂದು ಕಣ್ಣಿಗೆ ಚುಚ್ಚಿಕೊಂಡ. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಒಂದು ಕಣ್ಣಿನ ಗಾಯ ಇನ್ನೊಂದನ್ನು ಬಲಿ ತೆಗೆದುಕೊಳ್ಳಬಲ್ಲದು. ನನ್ನ ತಮ್ಮನ ಆ ಕಣ್ಣನ್ನು ತೆಗೆದ ವೈದ್ಯರು ಹೆಸರು ಯಾವುದನ್ನೇ ಬರೆದಿರಲಿ, ಉಳಿದ ಕಣ್ಣನ್ನು ಅವನಿಗೆ ಉಳಿಸಿಕೊಟ್ಟರು. ಆ ಒಂದು ಕಣ್ಣಿನಲ್ಲಿ ಅವನು ತೋಟ ಮಾಡಿದ, ಮದುವೆಯಾದ, ಮಕ್ಕಳನ್ನು ಓದಿಸಿದ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ತಮ್ಮ ನಕ್ಕುಬಿಟ್ಟ. “ಅಕ್ಕ, ಚಿನ್ನಿ ಬಂದಿದ್ದು ನಂಗೆ ಕಂಡಿತ್ತಲ್ಲ. ಕೊನೇದಾಗಿ ಆ ಕಣ್ಣಲ್ಲಿ ನೋಡಿದ್ದೇ ಅದನ್ನ. ನೀನು ಯಾವತ್ತು ಕೇಳಿದೆ?” ಎಂದ.

ನಿಜ. ಮೂವತ್ತೇಳು ವರ್ಷ ನಿಘಂಟನ್ನು ಕೇಳಿದ್ದೆ, ಅವನನ್ನು ಕೇಳಿರಲಿಲ್ಲ.

ಅಮ್ಮ ಏನೂ ಹೇಳಲಿಲ್ಲ. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಓದಲು ಬರುವವಳ ಹಾಗೆ. ಇನ್ನು ಇದೇಕೆ, ಹರಿದು ಹಾಕೋಣ ಎಂದೆ ನಾನು. ಬೇಡ ಎಂದು ತಲೆಯಾಡಿಸಿ, ಮೊದಲಿನ ಮಡಿಕೆಗಳ ಮೇಲೆಯೇ ಮಡಚಿದಳು.

“ಇರಲಿ ಬಿಡೇ. ಅವನ ಆ ಕಣ್ಣಿಂದು ಅಂತ ಮನೇಲಿರೋದು ಇದೊಂದೇ” ಎಂದಳು.

ಅಮ್ಮ ಹೋಗಿ ಮೂರು ವರ್ಷವಾಯಿತು. ಚೀಟಿ ಟ್ರಂಕಿನಲ್ಲೇ ಇದೆ.